ಇನ್ಶಿರಾ ಮೇಡಂ ಹೆಸರಿನ ಮುಂದಿನ ಖಾಲಿ ಚೌಕ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಅಲೆಕ್ಸಾಂಡ್ರಿಯಾದ ಸಮುದ್ರದಿಂದ ಶುರು ಮಾಡಿದರೆ ಚೆನ್ನಾಗಿರುತ್ತಿತ್ತು. ಆದರೆ ನಮ್ಮ ಆಫೀಸಿನ ಕಿಟಕಿಗೆ ಕಾಣುವುದು ಪಕ್ಕದ ಕಟ್ಟಡದ ನೀರಿನ ಪೈಪು. ಹಾಗಾಗಿ ಪ್ರಿಂಟರಿನಿಂದ ಶುರು ಮಾಡುತ್ತೇನೆ. ಅದು ಇನ್ಶಿರಾ ಮೇಡಂ ಮೇಜಿನ ಪಕ್ಕದಲ್ಲಿದೆ. (ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಇದನ್ನೆಲ್ಲ ಮೊದಲೇ ಬಾಯಿಬಿಡುವ ಕಥೆಗಾರನಿಗೆ ಬೇರೆ ಕಸುಬು ಬೇಕು. ಅದಕ್ಕೇ ನಾನು ಆಫೀಸುಗಳಿಗೆ ಹೋಗಿ ಸಾಫ್ಟ್‌ವೇರ್ ಕಲಿಸುತ್ತೇನೆ.)

ಮತ್ತೆ ೧
ಬೇಡ, ನೆಟ್ಟಗೆ ಹೇಳಿಬಿಡುತ್ತೇನೆ. ಕಿತ್ತಳೆ ರಫ್ತು ಮಾಡುವ ಕಂಪನಿ, ಮೂವತ್ತೆರಡು ಜನ. ಇನ್ನು ಮೇಲೆ ಎಲ್ಲರೂ ಕಾಗದ ಬಿಟ್ಟು ಕಂಪ್ಯೂಟರಿನ ಒಂದೇ ಬೋರ್ಡಿನಲ್ಲಿ ಕೆಲಸ ಮಾಡಬೇಕು. ಒಂದು ಕೆಲಸಕ್ಕೆ ಒಂದು ಕಾರ್ಡು. ಯಾರು ಮಾಡಬೇಕು, ಯಾವಾಗ ಮುಗಿಸಬೇಕು ಎಂದು ಅದರ ಮೇಲೆ ಬರೆಯಬೇಕು. ಕಾರ್ಡು 'ಮಾಡಬೇಕು', 'ನಡೆಯುತ್ತಿದೆ', 'ಮುಗಿಯಿತು' ಎಂಬ ಮೂರು ಸಾಲುಗಳಲ್ಲಿ ಸರಿಯುತ್ತ ಹೋಗುತ್ತದೆ. ಪಕ್ಕದಲ್ಲಿ ಮಾತಾಡಿಕೊಳ್ಳಲು ಜಾಗ.

ಗುರುವಾರದೊಳಗೆ ಕಲಿತವರ ಹೆಸರಿನ ಮುಂದೆ ನಾನು ಟಿಕ್ ಹಾಕಬೇಕು. ಟಿಕ್ ಇಲ್ಲದವರನ್ನು ಮ್ಯಾನೇಜರ್ ಶಾಕಿರ್ ಬೇ (ಬೇ ಎಂದರೆ ಸಾಹೇಬರು) ಊರಾಚೆಯ ಗೋದಾಮಿಗೆ ಹಾಕುತ್ತಾರೆ. ಹೋಗಿಬರಲು ನಾಲ್ಕು ಗಂಟೆ ಬಸ್ಸು. ರಫ್ತಿನ ಕಾಗದಪತ್ರ ನೋಡುವ ಇನ್ಶಿರಾ ಮೇಡಂಗೆ ಐವತ್ತೆಂಟು ವರ್ಷ, ಎರಡೂ ಮಂಡಿ ನೋವು.

"ಆ ಬಸ್ಸು ಹತ್ತೋಕೆ ನನ್ನಿಂದಾಗಲ್ಲ ಮೇಷ್ಟ್ರೇ. ಅಲ್ಲಿಗೆ ಹಾಕಿದ್ರೆ ಕೆಲಸ ಬಿಟ್ಟು ಮನೇಲಿ ಕೂರೋದೇ," ಎಂದರು.

೨
ವಾರದ ಕೆಲಸ ಶುರುವಾಗುವ ಭಾನುವಾರ ಮೇಡಂ ಬೋರ್ಡಿನ ಪಕ್ಕ ಬರೆದ ಮೊದಲ ಮಾತು: 'ಬೆಳಗು ಮಲ್ಲಿಗೆಯಾಗಲಿ.' ನಮ್ಮಲ್ಲಿ ಯಾರಾದರೂ ಹಾಗೆಂದರೆ ಸುಮ್ಮನಿರುವಂತಿಲ್ಲ, ಅದಕ್ಕಿಂತ ಒಂದು ತೂಕ ಹೆಚ್ಚಿನದನ್ನು ಹಿಂದಿರುಗಿಸಬೇಕು. ಒಬ್ಬರು ಗುಲಾಬಿ ಕೊಟ್ಟರು, ಇನ್ನೊಬ್ಬರು ಬೆಳಕು ಕೊಟ್ಟರು, ಪ್ಯಾಕಿಂಗಿನವರು ಹಾಲಿನ ಕೆನೆ ಕೊಟ್ಟರು. ಮೇಡಂ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಉತ್ತರ ಬರೆದರು. ಒಂಬತ್ತೂವರೆಗೆ ತೊಂಬತ್ತನಾಲ್ಕು ಸಂದೇಶ. ಅವುಗಳ ಅಡಿಯಲ್ಲೆಲ್ಲೋ ಶೀತಲಕೋಣೆಯ ಬದವಿ ಬರೆದದ್ದು ಮುಳುಗಿಹೋಗಿತ್ತು: 'ಗೇಟಲ್ಲಿ ಲಾರಿ ನಿಂತಿದೆ, ಸಹಿ ಬೇಕು.' ಲಾರಿ ಮೂರು ಗಂಟೆ ಬಿಸಿಲಲ್ಲಿ ನಿಂತಿತು. ಶಾಕಿರ್ ಬೇ ಕೆಂಡವಾದರು. ಶುರು ಮಾಡಿದ್ದು ಯಾರೆಂದು ಕೇಳಿ ಹೆಸರು ಬರೆದುಕೊಂಡರು.

"ಕಾರ್ಡಲ್ಲಿ ಹಾಕೋದಲ್ವೇನಯ್ಯಾ?" ಎಂದು ಬದವಿಯನ್ನು ಕೇಳಿದೆ.

"ಹಾಕ್ತಾನೇ ಇದ್ದೆ ಮೇಷ್ಟ್ರೇ. ಅಷ್ಟರಲ್ಲಿ ಪ್ಯಾಕಿಂಗಿನವರು ನಂಗೆ ಕೆನೆ ಕಳಿಸಿಬಿಟ್ರು. ಮರ್ಯಾದೆ ಬೇಡ್ವಾ?"

೩ (ಬರೆದು, ಆಮೇಲೆ ಹೊಡೆದು ಹಾಕಿದ್ದು)
ಬುಧವಾರ ಬದವಿ ಶೀತಲಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಬೋರ್ಡಿಗೆ ಅವನ ಬೆಳಗಿನ ಗುಲಾಬಿ ಬರಲಿಲ್ಲವೆಂದು ಗಮನಿಸಿದ ಮೇಡಂ ಓಡಿಹೋಗಿ ಬಾಗಿಲು ತೆಗೆಸುತ್ತಾರೆ. ಶಾಕಿರ್ ಬೇ ಕಣ್ಣೊರೆಸಿಕೊಳ್ಳುತ್ತಾರೆ.

ಚಹಾದ ಹೊತ್ತಿಗೆ ಈ ಕೊನೆಯನ್ನು ಮೇಡಂಗೂ ಬದವಿಗೂ ಓದಿ ಹೇಳಿದೆ.

"ನಾನು ಓಡಿದ್ನಾ? ಯಾವ ಮಂಡೀಲಿ?" ಎಂದರು ಮೇಡಂ.

"ನನ್ನನ್ನೇ ಯಾಕೆ ಐಸಲ್ಲಿಡ್ತೀರಿ? ಶಾಕಿರ್ ಬೇನ ಇಡಿ, ಸ್ವಲ್ಪ ತಣ್ಣಗಾಗ್ಲಿ," ಎಂದ ಬದವಿ.

ಮೇಡಂ ನಗಲಿಲ್ಲ. "ನನ್ನ ಕೆಲಸ ಉಳಿಸೋಕೆ ಇನ್ನೊಬ್ರು ಬೀಳಬಾರ್ದು ಮೇಷ್ಟ್ರೇ. ಬೇರೆ ಬರೀರಿ."

೫
(ನಾಲ್ಕರಲ್ಲಿ ಮೇಡಂ ತಾವಾಗಿಯೇ ರಾಜೀನಾಮೆ ಕೊಡುತ್ತಿದ್ದರು. ಅದನ್ನು ಅವರಿಗೆ ಓದಿ ಹೇಳುವ ಧೈರ್ಯ ನನಗಾಗಲಿಲ್ಲ.)

ಓದುಗರೇ, ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಪಟ್ಟಿಯಲ್ಲಿ ಮೊದಲ ಟಿಕ್ ಶಾಕಿರ್ ಬೇ ಅವರದು. ಅವರಿಗೆ ಬೋರ್ಡು ತೆರೆಯಲೂ ಬರುವುದಿಲ್ಲ. ದಿನಾ ಹನ್ನೊಂದಕ್ಕೆ ಕಾರ್ಯದರ್ಶಿ ಬೋರ್ಡನ್ನು ಪ್ರಿಂಟ್ ತೆಗೆದು ಕೊಡುತ್ತಾಳೆ, ಅವರು ಕೆಂಪು ಪೆನ್ನಿನಲ್ಲಿ ಗೀಚುತ್ತಾರೆ, ಅವಳು ಮತ್ತೆ ಟೈಪ್ ಮಾಡುತ್ತಾಳೆ. ಮೂರು ಸಲ ಕಲಿಸಲು ಹೋದೆ. ಮೂರು ಸಲವೂ ಕಾಫಿ ತರಿಸಿ ತಮ್ಮ ಹಲ್ಲುನೋವಿನ ಕಥೆ ಹೇಳಿದರು. ಕಾಫಿ ಕುಡಿದು ಬಂದು ಟಿಕ್ ಹಾಕಿದೆ. ಹೆದರಿದ್ದೆ. ಈಗ ನಾಚಿಕೆಯಾಗುತ್ತಿದೆ.

೬
ಗುರುವಾರ, ಹತ್ತೂ ಮುಕ್ಕಾಲು. 'ಮಾಡಬೇಕು' ಸಾಲಿನಲ್ಲಿ ಹೊಸ ಕಾರ್ಡು, ಇನ್ಶಿರಾ ಮೇಡಂ ಅವರ ಮೊದಲನೆಯದು.

ಕೆಲಸ: ಶಾಕಿರ್ ಬೇ ಅವರಿಗೂ ಬೋರ್ಡು ಕಲಿಸುವುದು.
ಯಾರು: ಮೇಷ್ಟ್ರು.
ಯಾವಾಗ: ಇವತ್ತು, ಮಧ್ಯಾಹ್ನದೊಳಗೆ.

ಒಂದೂ ತಪ್ಪಿಲ್ಲ. ನಾನು ಅವರ ಮೇಜಿಗೆ ಓಡಿದೆ.

"ಮೇಡಂ, ಇದನ್ನ ಎಲ್ರೂ ನೋಡ್ತಾರೆ!"

"ನೀವೇ ತಾನೇ ಹೇಳಿಕೊಟ್ಟಿದ್ದು, ಎಲ್ರೂ ಎಲ್ಲಾನೂ ನೋಡಬೇಕು ಅಂತ."

"ಶಾಕಿರ್ ಬೇ ನೋಡಿದ್ರೆ?"

"ಅವ್ರಿಗೆ ಅದ್ರಲ್ಲಿ ನೋಡೋಕೆ ಬರಲ್ವಲ್ಲ," ಎನ್ನುತ್ತ ಪ್ರಿಂಟರಿನ ತಲೆ ತಟ್ಟಿದರು. "ಅವ್ರಿಗೆ ಇಲ್ಲಿಂದ ಹೋಗುತ್ತೆ. ದಿನಾ ಎತ್ತಿ ಜೋಡಿಸಿ ಕಾರ್ಯದರ್ಶಿ ಕೈಗೆ ಕೊಡೋಳು ನಾನೇ."

ಅವರ ಹೆಸರಿನ ಮುಂದಿನ ಚೌಕದಲ್ಲಿ ಟಿಕ್ ಹಾಕಿದೆ. ಆದರೆ ಪಟ್ಟಿಗೆ ಶಾಕಿರ್ ಬೇ ಅವರ ಸಹಿಯಾಗಬೇಕು.

೭
ಒಂದು ಕೊನೆ: ಬೇ ನಗುತ್ತಾರೆ, ಕಲಿಯುತ್ತಾರೆ. ಇನ್ನೊಂದು: ನಾನೂ ಮೇಡಂ ಇಬ್ಬರೂ ಆ ಬಸ್ಸಿನಲ್ಲಿ. ಮತ್ತೊಂದು ಸುಲಭದ್ದು: ಕಾರ್ಡು ಅಳಿಸುವ ಅಧಿಕಾರ ನನಗಿದೆ, ಒಂದು ಬೆರಳು ಸಾಕು.

ನಿಮಗೆ ಯಾವುದು ಬೇಕೋ ಇಟ್ಟುಕೊಳ್ಳಿ. ನನಗೆ ಹೊತ್ತಿಲ್ಲ. ಹನ್ನೊಂದಾಯಿತು, ಪ್ರಿಂಟರು ಗೊರಗುಟ್ಟುತ್ತಿದೆ. ಕಾರ್ಡನ್ನು 'ನಡೆಯುತ್ತಿದೆ' ಸಾಲಿಗೆ ಎಳೆದು ಪಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೇನೆ. ಈ ಸಲ ಕಾಫಿ ಬೇಡ ಎನ್ನಬೇಕು.