ಗುಳ್ಳೆ ಎದ್ದ ಕಾಲರ್

ಆ ಹೊಲಿಗೆ ಕಾರ್ಖಾನೆಯಲ್ಲಿ ಕಿಟಕಿಗಳಿದ್ದದ್ದು ಸೂರಿನ ಹತ್ತಿರ. ಬೆಳಕು ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಪ್ರೆಸ್ಸಿನ ಆವಿ, ಬಟ್ಟೆಯ ಧೂಳು, ಹೆಂಗಸರ ಬೆವರು ಎಲ್ಲ ಅಲ್ಲೇ ಸುತ್ತುತ್ತಿದ್ದವು. ಸಂಜೆ ಮೂಗು ಸೀಟಿದರೆ ಅವತ್ತು ಹೊಲಿದ ಬಟ್ಟೆಯ ಬಣ್ಣವೇ ಬರುತ್ತಿತ್ತು.

ಒಬ್ಬಳು ತೋಳು, ಒಬ್ಬಳು ಜೇಬು, ಹೀಗೆ ಸಾಲಿನ ಎಲ್ಲರ ಕೈ ದಾಟಿದ ಮೇಲೇ ಅದು ಅಂಗಿ. ಕಾಲರ್ ಹಚ್ಚುವವಳು ಎಲ್ಲರಿಗೂ ಕಾಲರಕ್ಕ. ಕಾಲರಿನೊಳಗಿನ ಗಟ್ಟಿಬಟ್ಟೆಯನ್ನು ಬಿಸಿ ಪ್ರೆಸ್ಸಿನಲ್ಲಿ ಅಂಟಿಸಿ ಕೊಡುತ್ತಿದ್ದವಳು ಅವಳ ನಾದಿನಿ. ಸಾಲಿನ ತುದಿಯಲ್ಲಿ ಗುಂಡಿ ಹಚ್ಚುವ ಮುದುಕಿ, ಗುಂಡಜ್ಜಿ. ಇವರ ಮೇಲೊಬ್ಬ ಸೂಪರ್‌ವೈಸರ್. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ.

ಮಾಲು ಮೆಚ್ಚುಗೆಯಾದರೆ ಗಡಿಯಾರ ಮ್ಯಾನೇಜರ್ ಮುಂದೆ ಎದೆ ಉಬ್ಬಿಸಿ, "ನನ್ನ ಲೈನು ಸಾರ್" ಎನ್ನುತ್ತಿದ್ದ. ಕೆಟ್ಟರೆ ಸಾಲಿನ ಕಡೆ ತಿರುಗಿ, "ಯಾವಳೇ ಅದು?" ಎನ್ನುತ್ತಿದ್ದ. ಸಿಕ್ಕಿಬಿದ್ದವಳು ಕೆಟ್ಟ ಅಂಗಿಯನ್ನು ಕೊರಳಿಗೆ ಕಟ್ಟಿಕೊಂಡು ಊಟದ ಹೊತ್ತಲ್ಲಿ ನೀರಿನ ನಲ್ಲಿ ಪಕ್ಕ ನಿಲ್ಲಬೇಕು. ಬಾಯಾರಿ ಬಂದವರೆಲ್ಲ ಅವಳ ಮುಖ ನೋಡಿಯೇ ನೀರು ಕುಡಿಯಬೇಕು.

ಈ ಸಲ ನಿಂತದ್ದು ನಾದಿನಿ. ಗಟ್ಟಿಬಟ್ಟೆ ಅಂಟುವುದಕ್ಕೆ ಮುಂಚೆಯೇ, "ಸಾಕು, ತೆಗಿಯೇ! ಅಡುಗೆ ಬೇಯಿಸ್ತಿದೀಯೇನು?" ಎಂದು ತೆಗೆಸಿದವನು ಗಡಿಯಾರವೇ. ಒಗೆದ ಮೇಲೆ ಕಾಲರುಗಳು ಸುಟ್ಟ ಕೈಯ ಹಾಗೆ ಗುಳ್ಳೆ ಎದ್ದವು. ಮಾಲು ವಾಪಸ್ಸು ಬಂತು. ಗಡಿಯಾರ ಅವಳತ್ತ ಬೆರಳು ತೋರಿಸಿದ. ಸಂಜೆ ಅವಳನ್ನು ಗೇಟಿನಾಚೆ ಹಾಕಿದರು.

"ಅವನು ಹೇಳಿದ್ದು ನಿನಗೂ ಕೇಳಿಸಿತ್ತಲ್ಲ ಅತ್ತಿಗೆ," ಎಂದಳು ನಾದಿನಿ, ರಾತ್ರಿ ಮನೆಯಲ್ಲಿ ಗೋಡೆಗೆ ಮುಖ ಮಾಡಿ. "ಬಾಯಿಗೇನು ಹೊಲಿಗೆ ಹಾಕ್ಕೊಂಡಿದ್ಯಾ?"

ಕಾಲರಕ್ಕ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿದಳು.

"ನಾನು ಹೇಳಿದ್ರೆ ಒರೆಸ್ಕೊಂಡು ಹೋಗ್ತಾನೆ ಕಣೇ. ಅವನ ಬಾಯಿಂದಲೇ ಬರಬೇಕು. ನಿನ್ನನ್ನ ಒಳಗೆ ಕರೆಸದೆ ಬಿಡಲ್ಲ."

ಪ್ರೆಸ್ಸಿಗೆ ಹೊಸಬಳು ಬಂದಳು. ಗಡಿಯಾರದ ಅವಸರ ಹಳೆಯದೇ. ಮೊದಲಾದರೆ ಸರಿಯಾಗಿ ಅಂಟದ ಕಾಲರನ್ನು ಹೆಂಗಸರು ಊಟದ ಹೊತ್ತಲ್ಲಿ ಕದ್ದು ಇಸ್ತ್ರಿ ಹಾಕಿ ತಿದ್ದುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುತ್ತಿದ್ದ. ಈಗ ಕಾಲರಕ್ಕ, "ಇನ್ನು ಯಾರೂ ತಿದ್ದಬೇಡಿ" ಎಂದಳು.

"ನನ್ನ ತಲೆಗೆ ಕಟ್ಟಿದ್ರೆ?" ಹೊಸಬಳು ಅಳುಮುಖ ಮಾಡಿದಳು.

"ಕಟ್ಟೋಕೆ ಬಿಟ್ರೆ ತಾನೇ," ಎಂದಳು ಗುಂಡಜ್ಜಿ.

ಮಾಲು ಕೊಳ್ಳುವ ಕಂಪನಿಯ ಮೇಡಂ ನೋಡಲು ಬಂದರು. ಮ್ಯಾನೇಜರ್ ಹಿಂದೆ, ಗಡಿಯಾರ ಮುಂದೆ.

"ಪ್ರತಿ ಕಾಲರ್ ನನ್ನ ಕಣ್ಣು ದಾಟಿಯೇ ಹೋಗೋದು ಮೇಡಂ. ಪ್ರೆಸ್ಸಿಂದ ಯಾವಾಗ ತೆಗೀಬೇಕು ಅನ್ನೋದನ್ನೂ ನಾನೇ ಹೇಳ್ಬೇಕು. ಇವರಿಗೇನು ತಿಳಿಯುತ್ತೆ, ಪಾಪ!"

ಕಾಲರಕ್ಕ ಎದ್ದು ನಿಂತಳು. "ನಿಜ ಮೇಡಂ. ಸಾರ್ ಹೇಳದೆ ಇಲ್ಲಿ ಒಂದು ದಾರವೂ ಅಲ್ಲಾಡಲ್ಲ. ಹೌದಲ್ವೇನ್ರೇ?"

"ಹೌದು!" ಎಂದಿತು ಇಡೀ ಸಾಲು. ಗಡಿಯಾರ ಹಲ್ಲು ಕಿರಿದ.

ಅವನು ಹಲ್ಲು ಮುಚ್ಚುವಷ್ಟರಲ್ಲಿ ಅವಳು ತಯಾರಾದ ಅಂಗಿಯೊಂದನ್ನೆತ್ತಿ, ನೆಲ ಒರೆಸುವ ಬಕೆಟ್ಟಿನಲ್ಲಿ ಕಾಲರ್ ಅದ್ದಿ, ಕಾದ ಇಸ್ತ್ರಿ ಎಳೆದಳು. ಚುರ್ ಎಂದಿತು. ಕಾಲರಿನ ಮೈತುಂಬ ಗುಳ್ಳೆ.

"ಇನ್ನೊಂದು," ಎಂದರು ಮೇಡಂ. ಇನ್ನೊಂದೂ ಹಾಗೇ.

ಗಡಿಯಾರದ ಬೆರಳು ಪ್ರೆಸ್ಸಿನತ್ತ ಎದ್ದಿತು.

"ಇಳಿಸಪ್ಪ ಬೆರಳು," ಎಂದಳು ಗುಂಡಜ್ಜಿ. "ಈಗ ತಾನೇ ಎಲ್ಲಾ ನಿಂದೇ ಅಂದ್ಯಲ್ಲ. ಗುಳ್ಳೆ ಮಾತ್ರ ನಮ್ಮದಾ?"

"ನನ್ನ ನಾದಿನಿಗೂ ನೀವೇ ತೆಗಿ ಅಂದಿದ್ರಿ ಸಾರ್," ಎಂದಳು ಕಾಲರಕ್ಕ. ಹಾಗೆನ್ನುತ್ತಲೇ ಒದ್ದೆ ಅಂಗಿಯ ತೋಳುಗಳನ್ನು ಅವನ ಕೊರಳಿಗೆ ಸುತ್ತಿ ಗಂಟು ಬಿಗಿದಳು. ಕೊಳಕು ನೀರು ಅವನ ಹೊಟ್ಟೆಯ ಮೇಲೆ ಇಳಿಯಿತು. ಅವನು ಮಣಿಕಟ್ಟು ನೋಡಿಕೊಂಡ.

"ನಡೀರಿ ಸಾರ್, ನಲ್ಲಿ ಹತ್ರ," ಯಾರೋ ಹಿಂದಿನಿಂದ ಕೂಗಿದರು. ಸಾಲಿಗೆ ಸಾಲೇ ನಕ್ಕಿತು. ಎಷ್ಟೋ ಕಾಲದಿಂದ ಒಳಗೇ ಹುಳಿಯುತ್ತಿದ್ದ ನಗು ಅದು.

ಮ್ಯಾನೇಜರ್ ಅವನನ್ನು ತಳ್ಳಿ ಆಚೆ ಕಳಿಸಿ, ಮೇಡಂ ಕಡೆ ತಿರುಗಿ ಧ್ವನಿ ಮೆತ್ತಗೆ ಮಾಡಿಕೊಂಡ. "ನನಗೆ ಮೊದಲಿಂದಲೂ ಅನುಮಾನ ಇತ್ತು ಮೇಡಂ. ಇವಳ ಕೈಲಿ ಈ ಪರೀಕ್ಷೆ ಮಾಡಿಸಿದ್ದೂ ನಾನೇ."

ಮೇಡಂ ಅವನ ಕೈ ಕುಲುಕಿದರು.

ಕಾಲರಕ್ಕ ನೋಡುತ್ತಲೇ ನಿಂತಳು. "ಸಾಹೇಬ್ರೇ, ನನ್ನ ನಾದಿನಿ?"

"ಅದೆಲ್ಲ ಆಮೇಲೆ. ಹೋಗು, ಕೂತ್ಕೊಂಡು ಕೆಲಸ ನೋಡು."

ಅವಳು ಹೋಗಿ ಕೂತಳು. ಬಗ್ಗಿ ಮಷಿನ್ನಿನ ಸ್ವಿಚ್ಚು ಒತ್ತಿದಳು. ಅದು ನಿಂತಿತು. ಪಕ್ಕದ್ದು ನಿಂತಿತು. ಅದರ ಪಕ್ಕದ್ದು. ತುದಿಯವರೆಗೆ ಸದ್ದಡಗಿತು. ಮ್ಯಾನೇಜರನ ನಗು ಮುಖದ ಮೇಲೇ ಒಣಗಿತು.

ಕಾಲರಕ್ಕ ಇನ್ನೊಂದು ಅಂಗಿ ಎತ್ತಿ ಬಕೆಟ್ಟಿನಲ್ಲಿ ಅದ್ದಿದಳು.

"ಅಜ್ಜೀ, ಸಾಹೇಬ್ರ ಕೊರಳಳತೆ ಎಷ್ಟಿರಬಹುದು?"

ಗುಂಡಜ್ಜಿ ಕನ್ನಡಕ ಸರಿಮಾಡಿಕೊಂಡು ಮ್ಯಾನೇಜರನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಗಡಿಯಾರದ್ದಕ್ಕಿಂತ ದಪ್ಪ ಐತೆ ಕಣೇ. ದೊಡ್ಡದನ್ನೇ ತೆಗಿ."