ಎಂಟು ಮುಖದ ಕಲ್ಬಾನಿ

ಹಳೆಯ ಇಗರ್ಜಿಗಳನ್ನು ನೋಡಿಬರುವ ಒಂದು ದಿನದ ಪ್ರವಾಸಕ್ಕೆ ಹಾಲಿನಾಕೆ ಹೊರಟದ್ದು ಚರಿತ್ರೆಯ ಮೇಲಿನ ಮೋಹದಿಂದೇನಲ್ಲ, ನಾದಿನಿಯ ಕಾಟಕ್ಕೆ. "ಒಂದಿನ ದನದ ಬಾಲ ಬಿಟ್ಟು ಬಾ ಅತ್ತಿಗೆ, ಅವೇನು ಓಡಿಹೋಗಲ್ಲ" ಎಂದು ಕೈಹಿಡಿದೆಳೆದೇ ವ್ಯಾನು ಹತ್ತಿಸಿದ್ದಳು.

ಮೊದಲೆರಡು ಕಡೆ ಬಣ್ಣದ ಗಾಜು, ಮರದ ಕೆತ್ತನೆ ನೋಡುತ್ತ ಹೊತ್ತು ಹಿತವಾಗಿ ಸರಿಯಿತು. ಮೂರನೆಯದು ಪಕ್ಕದೂರಿನ ಇಗರ್ಜಿ. ಬಾಗಿಲ ಬಳಿ ಎಂಟು ಮೂಲೆಯ ಬರಿಯ ಪೀಠವೊಂದಿತ್ತು. ಪ್ರವಾಸಕ್ಕೆ ಎಲ್ಲರನ್ನೂ ಕರೆತಂದಿದ್ದ ನಿವೃತ್ತ ಮೇಷ್ಟ್ರು ಅದರ ಮೇಲೆ ಅಂಗೈಯಿಟ್ಟರು.

"ಹಳೇ ಕಟ್ಟಡ ಕೆಡವಿದಾಗ ಇದರ ಮೇಲಿದ್ದ ಜ್ಞಾನಸ್ನಾನದ ತೊಟ್ಟಿ ಕಾಣೆಯಾಯ್ತು. ಎಂಟು ಮುಖದ ಕರೀಕಲ್ಲು, ಒಂದು ಮುಖದಲ್ಲಿ ಮೀನು. ಈ ಊರಿನ ಎಷ್ಟೋ ತಲೆಮಾರಿನ ಕೂಸುಗಳ ಹಣೆಗೆ ಬಿದ್ದದ್ದು ಅದರ ನೀರೇ. ಹುಡುಕಿ ಹುಡುಕಿ ನನ್ನ ತಲೆ ಬೆಳ್ಳಗಾಯ್ತು."

ಹಾಲಿನಾಕೆ ನಾದಿನಿಯ ಮುಖ ನೋಡಿದಳು. ಆ ಮೀನಿನ ಮೇಲಿನ ಪಾಚಿಯನ್ನು ಬೆಳಿಗ್ಗೆ ತಾನೇ ತಿಕ್ಕಿ ಬಂದಿದ್ದಳು. ಅವಳ ಕೊಟ್ಟಿಗೆಯಲ್ಲಿ ದನ ನೀರು ಕುಡಿಯುವ ಬಾನಿ ಅದು. ಕೆಡವಿದ ಕಲ್ಲನ್ನು ಗಾಡಿಯಲ್ಲಿ ಹೇರಿ ಹಳ್ಳಕ್ಕೆ ಸುರಿದುಬರುವ ಕೆಲಸ ಅಂದು ಮಾವನದಾಗಿತ್ತು. ಇದೊಂದನ್ನು ಸುರಿಯಲು ಮನಸ್ಸು ಬಾರದೆ ಮನೆಗೆ ತಂದಿದ್ದರು. ಯಾರನ್ನೂ ಕೇಳಿರಲಿಲ್ಲ. ಅದೇನೆಂದು ಅವರಿಗೂ ತಿಳಿದಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಾಗ ನಾದಿನಿ ದನಿ ತಗ್ಗಿಸಿದಳು. "ತುಟಿ ಪಿಟಕ್ ಅನ್ನಬೇಡ. ನಮ್ಮಪ್ಪ ಇಗರ್ಜಿ ಕಲ್ಲು ಕದ್ದ ಅಂತ ಎರಡೂ ಊರು ಆಡ್ಕೊಳ್ಳುತ್ತೆ. ಮಣ್ಣಲ್ಲಿ ಮಲಗಿರೋರ ಮಾನ ಯಾಕೆ ಹರಾಜು ಹಾಕ್ತೀಯ?"

"ಹಳ್ಳದ ಪಾಲಾಗೋದನ್ನ ಉಳಿಸಿದ್ರು. ಅದು ಕಳ್ಳತನವಾ?"

"ನಿನಗೆ ಗೊತ್ತು, ನನಗೆ ಗೊತ್ತು. ಆಡ್ಕೊಳ್ಳೋ ಬಾಯಿಗೆ ಗೊತ್ತಾ? ಸುಮ್ನೆ ಊಟ ಮಾಡು."

ತೆರೆದ ಬಾಗಿಲಲ್ಲಿ ಮೇಷ್ಟ್ರು ಕರವಸ್ತ್ರದಿಂದ ಆ ಬರಿಯ ಪೀಠದ ಧೂಳು ಒರೆಸುತ್ತಿದ್ದುದು ಕಾಣುತ್ತಿತ್ತು. ಹಾಲಿನಾಕೆ ಕೈತೊಳೆದು ಎದ್ದಳು. ನಾದಿನಿ ತೋಳು ಹಿಡಿದಳು.

"ನೋಡು," ಎಂದಳು ಹಾಲಿನಾಕೆ, "ಇಲ್ಲೀತನಕ ನಾವು ಏನನ್ನೂ ಬಚ್ಚಿಟ್ಟಿಲ್ಲ. ಗೊತ್ತಿರಲಿಲ್ಲ, ಅಷ್ಟೆ. ಇವತ್ತು ಬಾಯಿಮುಚ್ಚಿಕೊಂಡು ಮನೆಗೆ ಹೋದ್ರೆ ನಿಮ್ಮಪ್ಪನ್ನ ಕಳ್ಳ ಮಾಡಿದೋರು ನಾವೇ ಆಗ್ತೀವಿ."

ನಾದಿನಿ ತೋಳು ಬಿಟ್ಟು ತಾನೇ ಮೇಲೆದ್ದಳು. "ನೀನು ಹೇಳೋಕೆ ಹೋದ್ರೆ ಹಸು ಗಬ್ಬಾದ ಕಥೆಯಿಂದ ಶುರು ಮಾಡ್ತೀಯ. ಮಗಳು ನಾನು. ನಾನೇ ಹೇಳ್ತೀನಿ."

ಅವಳು ತಂದೆಯ ಗಾಡಿ, ಹಳ್ಳ, ಕೊಟ್ಟಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಯಾಕೆ ಒಯ್ದರೆಂದು ಕೇಳಲೇ ಇಲ್ಲ.

"ಒಡೆದಿಲ್ಲ ತಾನೇ? ನೀರು ನಿಲ್ಲುತ್ತಾ?"

"ಬೆಳಿಗ್ಗೆ ಎರಡು ಹಸು ಹೊಟ್ಟೆ ತುಂಬ ಕುಡಿದಿವೆ" ಎಂದಳು ಹಾಲಿನಾಕೆ.

"ನಿಮ್ಮಪ್ಪ ದೊಡ್ಡೋರಮ್ಮ" ಎಂದರು ಮೇಷ್ಟ್ರು. ಬುತ್ತಿ ಮುಚ್ಚುತ್ತಿದ್ದವರತ್ತ ತಿರುಗಿ, "ಬೇಗ ವ್ಯಾನು ಹತ್ತಿ, ಇನ್ನೊಂದು ಜಾಗ ನೋಡೋದಿದೆ" ಎಂದು ಕೂಗಿದರು.

ನಾದಿನಿ ಅವಳ ಕಿವಿಯ ಬಳಿ ಬಾಗಿದಳು. "ಕೊಟ್ಟಿಗೆ ಗುಡಿಸಿದ್ದೀಯ ತಾನೇ ಅತ್ತಿಗೆ?"