ಸ್ಕೂಲು ಮುಚ್ಚಿದ ಮೇಲಿನ ಕೂಲಿ

"ಮಗು ಸ್ಕೂಲಲ್ಲಿರೋವಾಗ ನೀನು ಮಾಡೋದಾದ್ರೂ ಏನು ಪೆರ್ಲಿತಾ? ಕಾಲು ಚಾಚ್ಕೊಂಡು ಟೀ ಕುಡಿಯೋದಕ್ಕೂ ನಾವು ಸಂಬಳ ಕೊಡ್ಬೇಕಾ?"

ಹೆನ್ರಿಯೆಟ್ಟಾ ಮೇಡಮ್ ದನಿ ಏರಿಸಿ ಮಾತಾಡುವ ಹೆಂಗಸಲ್ಲ. ಅಡುಗೆಮನೆಯ ಉದ್ದನೆಯ ಮೇಜಿಗೆ ಕೂತು, ಸೇಬು ಹೆಚ್ಚುತ್ತಾ, ನಗುನಗುತ್ತಲೇ ಕೇಳಿದಳು. ಎದುರಿಗೆ ನಿಂತಿದ್ದ ಪೆರ್ಲಿತಾಳ ತೋಳಿನ ಮೇಲೆ ಸಾಹೇಬರ ಅಂಗಿಗಳು ಇಸ್ತ್ರಿಯ ಬಿಸಿ ಆರದೆ ಇದ್ದವು. ಇದನ್ನೇ ಮಾಡುತ್ತೇನೆ ಮೇಡಮ್, ನಾಯಿಯನ್ನು ತಿರುಗಾಡಿಸುತ್ತೇನೆ, ಮೂರು ಅಂತಸ್ತಿನ ಮೆಟ್ಟಿಲು ಒರೆಸುತ್ತೇನೆ ಅನ್ನಬಹುದಿತ್ತು. ಬದಲಿಗೆ ಅಂಗಿಗಳನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

ಕೇಳಬೇಕೆಂದು ಬಂದದ್ದು ಅವಳೇ. ಕೇಳಲು ಧೈರ್ಯ ಕೂಡಿಸುವುದರಲ್ಲೇ ಚಳಿಗಾಲ ಕಳೆದು ಬೇಸಿಗೆ ಬಂದಿತ್ತು. ಲಂಡನ್ನಿನ ಈ ಮನೆಯಲ್ಲಿ ಅವಳ ಆಯಾ ಕೆಲಸ ಸ್ಕೂಲು ನಡೆಯುವ ದಿನಗಳಿಗೆ ಮಾತ್ರ ಅಂತ ಮಾತು. ಸ್ಕೂಲಿಗೆ ಬೀಗ ಬಿದ್ದರೆ ಸಂಬಳಕ್ಕೂ ಬೀಗ. ಕ್ರಿಸ್ಮಸ್ಸಿನ ರಜೆ, ಈಸ್ಟರಿನ ರಜೆ ಹೇಗೋ ದಾಟಿದವು. ಈಗ ಬರುವುದು ದೊಡ್ಡ ರಜೆ. ಫಿಲಿಪ್ಪೀನ್ಸಿನ ಇಲೊಯಿಲೊದಲ್ಲಿ ಅವಳ ಮಗಳ ಸ್ಕೂಲು ಮಾತ್ರ ರಜೆ ನೋಡಿ ಫೀಸು ಬಿಡುವುದಿಲ್ಲ. ರಜೆಯಲ್ಲಿ ಪೂರ್ತಿ ಬೇಡ, ಅರ್ಧ ಸಂಬಳವಾದರೂ ಕೊಡಿ ಎಂದು ಕೇಳಿದ್ದಳು.

ಮೇಡಮ್ ಸೇಬಿನ ತುಂಡು ಬಾಯಿಗಿಟ್ಟು ತನ್ನ ಲೆಕ್ಕ ಹೇಳಿದಳು. ಮಗು ಸ್ಕೂಲಿನಲ್ಲಿರುವ ಹೊತ್ತನ್ನು ಕಳೆದರೆ ಈಗ ಕೊಡುತ್ತಿರುವುದೇ ಹೆಚ್ಚಾಯಿತಂತೆ. ಆದರೂ ತಾವು ಕೆಟ್ಟವರಲ್ಲವಂತೆ. ಈ ಸಲ ಪೆರ್ಲಿತಾಳನ್ನೂ ಸಮುದ್ರದ ದಂಡೆಯ ಮನೆಗೆ ಕರೆದುಕೊಂಡು ಹೋಗುವುದಂತೆ. ಮಗುವಿನ ಜೊತೆ ಮಲಗುವುದು, ಮಗುವಿನ ಜೊತೆ ಆಡುವುದು, ಒಳ್ಳೆ ಗಾಳಿ, ಒಳ್ಳೆ ಊಟ.

"ಅದಕ್ಕೆ ಸಂಬಳ, ಮೇಡಮ್..."

"ನೀನು ನಮ್ಮ ಮನೆಯವಳ ಹಾಗಲ್ವಾ? ಮನೆಯವರಿಗೆ ಯಾರಾದ್ರೂ ಸಂಬಳ ಕೊಡ್ತಾರಾ?"

ಪೆರ್ಲಿತಾಳ ಹುಬ್ಬುಗಳು ಮೇಲಕ್ಕೆ ಹೋದವು. ಅವಳ ಸೀಮೆಯಲ್ಲಿ ಹಿರಿಯರ ಮಾತಿಗೆ ಹೂಂ ಅನ್ನಲು ಬಾಯಿ ತೆರೆಯುವುದಿಲ್ಲ, ಹುಬ್ಬೆತ್ತಿದರೆ ಸಾಕು. ಹೆದರಿದಾಗ ಅದು ತಾನಾಗಿಯೇ ಏಳುತ್ತದೆ. ಬೇರೆ ಬಿಳಿಯರಾಗಿದ್ದರೆ ಗೊತ್ತಾಗುತ್ತಿರಲಿಲ್ಲ. ಈ ಮೇಡಮ್ ಗಂಡನ ಜೊತೆ ಮನಿಲಾದಲ್ಲಿ ಸಂಸಾರ ಮಾಡಿ ಬಂದವಳು.

"ನೋಡಿ, ಹುಬ್ಬು ಎತ್ತಿದ್ಲು. ಒಪ್ಪಿದ ಹಾಗೇ," ಎಂದು ಪಕ್ಕದ ಕೋಣೆಯಲ್ಲಿದ್ದ ಸಾಹೇಬರಿಗೆ ಕೂಗಿ ಹೇಳಿದಳು. ಆಮೇಲೆ ಇವಳ ಕಡೆ ತಿರುಗಿ, ಪಾಸ್‌ಪೋರ್ಟಿನ ಚಿಂತೆ ಬೇಡ, ನನ್ನ ಬೀರುವಿನಲ್ಲಿ ಜೋಪಾನವಾಗಿದೆ ಅಂದಳು. ಪಾಸ್‌ಪೋರ್ಟಿನ ಮಾತನ್ನು ಯಾರೂ ಎತ್ತಿರಲಿಲ್ಲ.

ಮಕ್ಕಳನ್ನು ಸ್ಕೂಲಿಗೆ ಬಿಟ್ಟ ಆಯಾಗಳು ಅದರ ಎದುರಿನ ಪಾರ್ಕಿನ ಬೆಂಚಿನಲ್ಲಿ ಒಂದು ಗಳಿಗೆ ಕೂರುತ್ತಾರೆ. ಅಲ್ಲಿ ಹಿರಿಯಳು ನೆನಿತಕ್ಕ. ಈ ಊರಿನಲ್ಲಿ ತಲೆ ನರೆಸಿಕೊಂಡವಳು. ಅರ್ಲ್ಸ್ ಕೋರ್ಟ್ ಬಡಾವಣೆಯಲ್ಲಿ ಒಂದು ರೂಮು ಹಿಡಿದು, ರಜೆಯಲ್ಲಿ ಮನೆಯಿಂದ ಹೊರಬಿದ್ದ ಆಯಾಗಳಿಗೆ ಹಾಸಿಗೆ ಬಾಡಿಗೆಗೆ ಕೊಡುತ್ತಾಳೆ. ಬೇಸಿಗೆಯಲ್ಲಂತೂ ಅಲ್ಲಿ ಒಣಮೀನು ಪೇರಿಸಿದ ಹಾಗೆ ಮಲಗುತ್ತಾರೆ.

ಪೆರ್ಲಿತಾ ನಡೆದದ್ದನ್ನು ಹೇಳಿದಾಗ ನೆನಿತಕ್ಕ ಚೀಲದಿಂದ ಅನ್ನದ ಡಬ್ಬಿ ತೆಗೆದವಳು ಹಾಗೇ ಮುಚ್ಚಿದಳು.

"ಥೂ, ಬೇವಾರ್ಸಿ ಮುಂಡೆ. ಉಳುಮೆ ಇಲ್ದಿದ್ ತಿಂಗ್ಳು ನಮ್ಮಪ್ಪ ಕೋಣಕ್ಕೆ ಹುಲ್ ಹಾಕ್ತಿರ್ನಿಲ್ವಾ? ಅದಿನ್ನೂ ಕೋಣ ಕಣೇ. ರಜದಾಗೂ ನಿನ್ನ ಹೂಡಿ ಉಳ್ತಾಳಂತೆ, ಹುಲ್ಲೂ ಹಾಕಲ್ವಂತೆ."

"ನಾನೇನ್ ಕೇಳ್ಬೇಕಕ್ಕ?"

"ವರ್ಸದ ಸಂಬ್ಳ ಹನ್ನೆರ್ಡ್ ತಿಂಗ್ಳಿಗೂ ಹರಡು ಅನ್ನು. ರಜದಾಗ್ ಕರೆದ್ರೆ ಅದ್ರ ಕೂಲಿ ಬ್ಯಾರೆ. ಆಗಲ್ವಾ, ನನ್ನ ಬುಟ್ಬುಡು ಅನ್ನು. ಅಷ್ಟೇಯ ನ್ಯಾಯ."

ಹೇಳುವುದು ಸುಲಭ ಎಂದು ಇನ್ನೊಬ್ಬಳು ಗೊಣಗಿದಳು. ಹೋದ ವರ್ಷ ಇದೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಜೋರಾಗಿ ಕೇಳಿದ್ದಳು. ಆ ಮನೆಯಲ್ಲಿ ಮಾರನೆಯ ದಿನವೇ ಉಂಗುರ ಕಳೆಯಿತು. ಪೊಲೀಸರು ಇದೇ ಗೇಟಿನಿಂದ, ಮಕ್ಕಳ ಕಣ್ಣೆದುರಿಗೇ, ಅವಳನ್ನು ಕರೆದುಕೊಂಡು ಹೋದರು. ಆಮೇಲೆ ಅವಳ ಹೆಸರನ್ನು ಯಾರೂ ಎತ್ತಿಲ್ಲ. ಈಗಲೂ ಎತ್ತಲಿಲ್ಲ. ನೆನಿತಕ್ಕ ಅನ್ನದ ಡಬ್ಬಿಯ ಮುಚ್ಚಳ ಒತ್ತುತ್ತಾ ಕೂತಳು.

ದೊಡ್ಡ ರಜೆಗೆ ಮುಂಚಿನ ಕೊನೆಯ ದಿನ ಸ್ಕೂಲು ಮಧ್ಯಾಹ್ನಕ್ಕೇ ಬಿಡುತ್ತದೆ. ಮಗುವನ್ನು ಕರೆತಂದು, ಉಣಿಸಿ, ಸಮುದ್ರಕ್ಕೆ ಪೆಟ್ಟಿಗೆ ಕಟ್ಟಿಡು ಎಂದು ಮೇಡಮ್ ಬೆಳಿಗ್ಗೆ ಹೇಳಿ ಹೋಗಿದ್ದಳು. ತಾನು ಬೇರೆ ತಾಯಂದಿರ ಜೊತೆ ಸ್ಕೂಲಿನ ಹಿಂದಿನ ಬೀದಿಯ ಹೋಟೆಲಿನಲ್ಲಿ ಊಟಕ್ಕಿರುತ್ತೇನೆ, ಸುಮ್ಮಸುಮ್ಮನೆ ಫೋನು ಮಾಡಬೇಡ ಅಂದಿದ್ದಳು.

ಗಂಟೆ ಹೊಡೆಯಿತು. ಟೀಚರು ಮಗು ಒಟಿಲಿಯ ಕೈಯನ್ನು ಪೆರ್ಲಿತಾಳ ಕೈಗೆ ಕೊಟ್ಟರು. ಹಲ್ಲು ಬಿದ್ದ ಬಾಯಲ್ಲಿ ಮಗು ಸಮುದ್ರದ ಮಾತೇ ಆಡುತ್ತಿತ್ತು, ನೀನು ನಂಗೆ ಏಡಿ ಹಿಡಿದು ಕೊಡ್ತೀಯಲ್ವಾ ಪೆರ್ಲಿ ಎಂದು ಕೇಳುತ್ತಿತ್ತು. ಮನೆಯ ದಾರಿ ಎಡಕ್ಕೆ. ಅವಳು ಬಲಕ್ಕೆ ತಿರುಗಿದಳು.

ಹೋಟೆಲಿನಲ್ಲಿ ಮೇಡಮ್ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಪೆರ್ಲಿತಾ ಮೇಜಿನ ಹತ್ತಿರ ಹೋಗಿ, ಮಗುವಿನ ಕೈಯನ್ನು ತಾಯಿಯ ಕೈಗೆ ಇಟ್ಟಳು.

"ಸ್ಕೂಲ್ ಮುಚ್ತು ಮೇಡಮ್. ನನ್ ಸಂಬ್ಳಾನೂ ಮುಚ್ತು. ಮಗೀನ ನೋಡ್ಕಳಿ."

"ತಲೆ ಕೆಟ್ಟಿದೆಯಾ? ಮನೆಗೆ ಕರ್ಕೊಂಡ್ ಹೋಗು. ಆಮೇಲೆ ಮಾತಾಡೋಣ."

"ಈಗ್ಲೇ ಆಡಿ. ಸಮುದ್ರಕ್ಕೆ ಬಾ ಅಂದ್ರೆ ಕೂಲಿ ಎಷ್ಟು ಅಂತ ಇವ್ರೆಲ್ಲರ್ ಮುಂದೆ ಹೇಳಿ. ಬ್ಯಾಡ ಅಂದ್ರೆ ನನ್ ಪಾಸ್‌ಪೋರ್ಟ್ ನಂಗೆ ಕೊಡಿ."

ಮೇಜಿನ ಸುತ್ತ ಚಮಚಗಳು ನಿಂತವು. ಒಬ್ಬಾಕೆ ತನ್ನ ತಟ್ಟೆಯನ್ನೇ ನೋಡತೊಡಗಿದಳು. ಆಕೆಯ ಮನೆಯಲ್ಲೂ ಒಬ್ಬ ಆಯಾ ಇದ್ದಳು. ಮೇಡಮ್ ಎಲ್ಲರ ಕಡೆಗೂ ಒಂದು ನಗು ಹಂಚಿ, ಮೊಬೈಲನ್ನು ಎತ್ತಿಕೊಂಡು, ಮೆಲ್ಲಗೆ ಹೇಳಿದಳು: "ನಿನಗೆ ಒಂದೇ ಒಂದು ಫೋನು ಸಾಕು."

ಪೆರ್ಲಿತಾ ಅಲ್ಲಿಂದ ಹೊರಟಳು. ಪೆರ್ಲಿ, ಪೆರ್ಲಿ ಎಂದು ಮಗು ಕೂಗುವುದು ಬಾಗಿಲು ಮುಚ್ಚಿಕೊಳ್ಳುವವರೆಗೂ ಕೇಳಿಸಿತು. ಹೊರಗೆ ಬಿಸಿಲು ಚೆನ್ನಾಗಿತ್ತು. ಬೀದಿಯ ಆ ತುದಿಯಿಂದ ಇಬ್ಬರು ಪೊಲೀಸರು, ಒಂದೇ ಪೊಟ್ಟಣದಿಂದ ಏನನ್ನೋ ತಿನ್ನುತ್ತಾ, ಇತ್ತಲೇ ಬರುತ್ತಿದ್ದರು. ಫೋನು ಇಷ್ಟು ಬೇಗ ಹೋಗಿರಲಿಕ್ಕಿಲ್ಲ. ಹೋಗಿದ್ದರೂ ಹೋಗಿರಬಹುದು. ಅವಳು ಗೋಡೆಗೆ ಅಂಗೈ ಒತ್ತಿ ನಿಂತಳು. ಓಡಬೇಡ, ಓಡಿದರೆ ಕಳ್ಳಿ ಅನ್ನುತ್ತಾರೆ ಎಂದು ತನ್ನ ಕಾಲಿಗೆ ಹೇಳಿಕೊಂಡಳು. ಬೂಟಿನ ಸದ್ದು ಹತ್ತಿರವಾಗುತ್ತಿತ್ತು.